ಎಡಗೆನ್ನೆಯ ವಯಸ್ಸು

ಸಲಾಸಿಯಾಳ ಕೆನ್ನೆಯ ಮೇಲೆ ಕೂತ ಸೊಳ್ಳೆಯೊಂದು ಜಾರಿ ಬಿದ್ದು ಕಾಲು ಮುರಿದುಕೊಂಡಿತೆಂದು ಮಾರ್ತಪುರಾ ನದಿಯ ಎರಡೂ ದಡದ ಜನ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಕಾಲು ಮುರಿದಿರಲಿಲ್ಲ, ಉಳುಕಿತ್ತು ಅಷ್ಟೆ.

ಅರವತ್ತು ದಾಟಿದ ಹೆಂಗಸಿನ ಮುಖ ಅಷ್ಟು ನುಣ್ಣಗಿರುವುದಕ್ಕೆ ಕಾರಣ ಅವಳ ಹಿತ್ತಿಲ ಜಗಲಿಯ ಕೆಳಗಿದ್ದ ಒಂದು ಜಾಡಿ. ಆಳೆತ್ತರದ್ದೇನಲ್ಲ, ಆದರೆ ಅದರ ಗಾಂಭೀರ್ಯ ನೋಡಿದರೆ ಮನೆಯನ್ನು ಆಮೇಲೆ ಅದರ ಸುತ್ತ ಕಟ್ಟಿದ್ದಾರೆ ಅನ್ನಿಸುತ್ತಿತ್ತು. ಅದರಲ್ಲಿ ಅಕ್ಕಿ ನೆನೆಯುತ್ತಿತ್ತು. ವಾರಗಟ್ಟಲೆ ನೆನೆದು, ಹುಳಿ ಬಂದು, ನಾಲ್ಕು ಮನೆಯಾಚೆಯ ಬೆಕ್ಕೂ ಮೂಗು ಮುಚ್ಚಿಕೊಳ್ಳುವಷ್ಟು ನಾರಿ, ಮೇಲಿನ ನೀರು ಬದಲಿಸಿ ಬದಲಿಸಿ ಕೊನೆಗೆ ಆ ನಾತವೂ ಸತ್ತು, ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗುವ ಹೊತ್ತಿಗೆ ಸಲಾಸಿಯಾ ಅದನ್ನು ಕಲ್ಲಿನಲ್ಲಿ ಅರೆದು, ಘಮಘಮಿಸುವ ಪಾಂಡಾನ್ ಎಲೆ, ಮಲ್ಲಿಗೆ ಸೇರಿಸಿ, ಮೊರದ ಮೇಲೆ ಬಾಳೆಲೆ ಹಾಸಿ, ಸಂಡಿಗೆ ಇಟ್ಟ ಹಾಗೆ ಚಿಕ್ಕ ಚಿಕ್ಕ ಬೊಟ್ಟು ಇಟ್ಟು ಒಣಗಿಸುತ್ತಿದ್ದಳು. ಅದೇ ಪುಪುರ್. ಎರಡು ಬೊಟ್ಟು ಅಂಗೈಯಲ್ಲಿ ನೀರು ಹಾಕಿ ಕರಗಿಸಿ ಮುಖಕ್ಕೆ ಬಳಿದುಕೊಂಡರೆ ಬಿಸಿಲೇ ನಾಚಿ ಮೋಡದ ಹಿಂದೆ ಹೋಗುತ್ತದೆ ಎಂದು ಅವಳು ಗಿರಾಕಿಗಳಿಗೆ ಹೇಳುತ್ತಿದ್ದಳು.

ಆ ಜಾಡಿಯಲ್ಲಿ ಒಂದು ಗುಟ್ಟಿತ್ತು. ಅಕ್ಕಿ ಪೂರ್ತಿ ತೆಗೆದ ಮೇಲೂ ತಳದ ಬೂದುಬಣ್ಣದ ಹುಳಿನೀರನ್ನು ಅವಳು ಚೆಲ್ಲುತ್ತಿರಲಿಲ್ಲ. ಹೊಸ ಅಕ್ಕಿ ಅದರ ಮೇಲೆಯೇ ಬೀಳಬೇಕು. ನಾವು ಹೆಪ್ಪು ಉಳಿಸಿಕೊಂಡ ಹಾಗೆ. ಅವಳ ಅತ್ತೆ ಆ ನೀರನ್ನು ತನ್ನ ಅತ್ತೆಯಿಂದ ಪಡೆದವಳು, ಆಕೆ ತನ್ನ ಅತ್ತೆಯಿಂದ. ಹೀಗೆ ಹಿಂದಕ್ಕೆ ಹೋದರೆ ನೋಹನ ದೋಣಿಯಲ್ಲೂ ಒಬ್ಬ ಅತ್ತೆ ಜಾಡಿ ಹಿಡಿದು ಕೂತಿರಬೇಕು. ಪ್ರತಿ ಬೆಳಗ್ಗೆ ಮುಖಕ್ಕೆ ಪುಪುರ್ ಹಚ್ಚಿದ ಮೇಲೆ ಸಲಾಸಿಯಾ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಳು. ಅಕ್ಕಿಗೆ, ನದಿಗೆ, ಸತ್ತ ಅತ್ತೆಗೆ, ಇದೇ ಕ್ರಮದಲ್ಲಿ. ಅತ್ತೆ ಬದುಕಿದ್ದಾಗ ಪಟ್ಟಿಯಲ್ಲಿ ಇನ್ನೂ ಕೆಳಗಿದ್ದಳು.

ಬೆಳಕು ಹರಿಯುವ ಮೊದಲೇ ಅವಳು ಕಿತ್ತಳೆ, ಬಾಳೆ, ಪುಪುರ್ ಪೊಟ್ಟಣಗಳನ್ನು ಜುಕುಂಗ್ ದೋಣಿಗೆ ತುಂಬಿ, ಛತ್ರಿಯಗಲದ ಓಲೆಯ ಟೋಪಿ ಇಟ್ಟುಕೊಂಡು ಲೋಕ್ ಬಾಯಿಂತಾನ್‌ನ ನೀರುಸಂತೆಗೆ ಹುಟ್ಟು ಹಾಕುತ್ತಿದ್ದಳು. ಅಲ್ಲಿ ಅವಳ ದೋಣಿಯ ಎಡಕ್ಕೆ ಇನ್ನೊಂದು ದೋಣಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದು ಅವಳ ನಾದಿನಿ ಅರ್ಬಾಯಾಳದು.

ಸಲಾಸಿಯಾ ಅಂದರೆ ಮಂಗಳವಾರ ಹುಟ್ಟಿದವಳು, ಅರ್ಬಾಯಾ ಅಂದರೆ ಬುಧವಾರ ಹುಟ್ಟಿದವಳು. ಅಕ್ಕಪಕ್ಕದ ವಾರಗಳು. ಮಾತು ಬಿಟ್ಟು ಒಂಬತ್ತು ವರ್ಷ.

ಜಗಳಕ್ಕೆ ಕಾರಣ ಪುಪುರೇ. ಅತ್ತೆ ತೀರಿದಾಗ ಜಾಡಿ ಸೊಸೆಗೆ ಬಂತು, ಮಗಳಿಗೆ ಒಂದು ಬಟ್ಟಲು ಹುಳಿನೀರು ಹೋಯಿತು. ಕೆಲ ಕಾಲದ ಮೇಲೆ ಅರ್ಬಾಯಾ ತನ್ನ ಪುಪುರಿಗೆ ಅಂಗಡಿಯ ಟಾಲ್ಕಂ ಪೌಡರು, ಸೀಸೆಯ ಸೆಂಟು ಬೆರೆಸುತ್ತಾಳೆಂದು ಸುದ್ದಿ ಹಬ್ಬಿತು. ಸಲಾಸಿಯಾ ಒಂದು ಬೊಟ್ಟನ್ನು ಕರಗಿಸಿ ಮೂಸಿ, ಸಂತೆಗೆಲ್ಲ ಕೇಳುವಂತೆ ಹೇಳಿದಳು: "ಇದು ಮುಖಕ್ಕಲ್ಲ ಕಣ್ರೇ, ಗೋಡೆಗೆ! ಹಬ್ಬಕ್ಕೆ ಮಸೀದಿಗೆ ಸುಣ್ಣ ಹೊಡೀಬೇಕಾದ್ರೆ ಇವಳ ಹತ್ರ ತಗೊಳ್ಳಿ."

ಸಂತೆ ನಕ್ಕಿತು. ನಗು ನಿಂತ ಮೇಲೆ ಮಾತೂ ನಿಂತಿತು.

ಇಬ್ಬರೂ ಜಾಗ ಮಾತ್ರ ಬಿಡಲಿಲ್ಲ. ಬಿಟ್ಟವಳು ಸೋತಂತೆ. ಸಲಾಸಿಯಾ ಮುಖವನ್ನು ಬಲಕ್ಕೆ ತಿರುಗಿಸಿ ಕೂರುತ್ತಿದ್ದಳು, ಅರ್ಬಾಯಾ ಎಡಕ್ಕೆ. ಅಗತ್ಯ ಬಿದ್ದಾಗ ಗಿರಾಕಿಗಳ ಮೂಲಕ ಮಾತು ಹೋಗುತ್ತಿತ್ತು. "ಪಕ್ಕದ ದೋಣಿಯವರಿಗೆ ಹೇಳಿ, ಅವರ ಹಗ್ಗ ನನ್ನ ಹುಟ್ಟಿಗೆ ಸುತ್ಕೊಂಡಿದೆ." ಗಿರಾಕಿ ಇಲ್ಲದಿದ್ದರೆ ದೋಣಿಯಲ್ಲಿದ್ದ ಕುಂಬಳಕಾಯಿಗೆ ಹೇಳುವುದು. ಲೋಕ್ ಬಾಯಿಂತಾನ್‌ನ ಕುಂಬಳಕಾಯಿಗಳಷ್ಟು ಸಂಸಾರದ ವಿಷಯ ತಿಳಿದ ಕುಂಬಳಕಾಯಿಗಳು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಹೀಗಿರುವಾಗ ಸಲಾಸಿಯಾಳ ಮಗ ಮುರ್ಜಾನಿ ಜಾವಾ ದ್ವೀಪದಿಂದ ಹೆಂಡತಿಯನ್ನು ತಂದ. ಲಾಸ್ತ್ರಿ ಎಂದು ಹೆಸರು. ಬಂಜಾರ್‌ಮಾಸಿನ್ ಪೇಟೆಯಲ್ಲಿ ಚರ್ಮಕ್ಕೆ ಹಚ್ಚುವ ಸಾಮಾನುಗಳ ಅಂಗಡಿಯಲ್ಲಿ ಅವಳಿಗೆ ಕೆಲಸ. ಅವಳ ಜೊತೆ ಒಂದು ಸೂಟ್‌ಕೇಸು ಬಟ್ಟೆ, ಎರಡು ಸೂಟ್‌ಕೇಸು ಸೀಸೆ ಬಂದವು. ಮನೆಯ ಫ್ರಿಜ್ಜಿನಲ್ಲಿ ಮೀನು ಮುದುರಿಕೊಂಡು ಕೂತು ಸೀಸೆಗಳಿಗೆ ಜಾಗ ಬಿಟ್ಟಿತು.

"ಇದು ಯಾವ ಗಿಡದ್ದೇ ಹುಡುಗೀ?" ಎಂದು ಸಲಾಸಿಯಾ ಒಂದು ಟ್ಯೂಬನ್ನು ಎರಡೇ ಬೆರಳಲ್ಲಿ ಎತ್ತಿ ಕೇಳಿದಳು.

"ಗಿಡದ್ದಲ್ಲ ಇಬೂ. ಕಾರ್ಖಾನೇಲಿ ಮಾಡಿದ್ದು. ರೆಟಿನಾಲ್ ಅಂತ. ವಿಟಮಿನ್ ಎ ಮನೆತನ. ಕ್ಯಾರೆಟ್‌ನಲ್ಲಿ ಇರುತ್ತಲ್ಲ, ಅದಕ್ಕೆ ದಾಯಾದಿ." ಲಾಸ್ತ್ರಿ ಅತ್ತೆಯನ್ನು ಜಾವಾದವರಂತೆ ಇಬೂ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದಳು.

"ಹಾಗಾದ್ರೆ ಕ್ಯಾರೆಟ್ಟೇ ತಿಂದ್ರಾಯ್ತಲ್ಲ!"

"ಇಷ್ಟು ಕೆಲಸ ಆಗ್ಬೇಕು ಅಂದ್ರೆ ದೋಣಿ ತುಂಬಾ ತಿನ್ಬೇಕು. ಸುಕ್ಕು ಹೋಗೋದ್ರೊಳಗೆ ನೀವು ಕಿತ್ತಳೆ ಬಣ್ಣಕ್ಕೆ ತಿರುಗಿರ್ತೀರಿ. ಗಿರಾಕಿಗಳು ನಿಮ್ಮನ್ನೇ ಹಣ್ಣು ಅಂತ ತೂಗಿಸ್ಕೊಂಡು ಹೋಗ್ತಾರೆ."

"ಬಾಯಿ ನೋಡು ಇವಳದ್ದು! ದೇವರು ಮಾಡಿದ್ದೇ ಮೇಲು ಕಣೇ. ಅಕ್ಕಿ ಅಂದ್ರೆ ಅಕ್ಕಿ. ಕಾರ್ಖಾನೆಯದು ಎಷ್ಟಿದ್ರೂ ಮನುಷ್ಯರು ಮಾಡಿದ್ದು."

"ಮೊಸಳೇನೂ ದೇವರೇ ಮಾಡಿದ್ದು ಇಬೂ. ಕೆನ್ನೆಗೆ ಹಚ್ಕೋತೀರಾ?"

ಸಲಾಸಿಯಾ ಟ್ಯೂಬನ್ನು ಕಪಾಟಿನಲ್ಲಿಟ್ಟು ಹಿತ್ತಿಲಿಗೆ ನಡೆದಳು. ಉತ್ತರ ಹೊಳೆದದ್ದು ಎರಡು ವಾರ ಬಿಟ್ಟು, ಸಂತೆಯ ನಡುವೆ. ಅಷ್ಟರಲ್ಲಿ ಪ್ರಶ್ನೆ ತಣ್ಣಗಾಗಿತ್ತು.

ಲಾಸ್ತ್ರಿ ಪುಪುರನ್ನು ಹೀಗಳೆಯುತ್ತಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ಜಗಳ ಸುಲಭವಾಗುತ್ತಿತ್ತು. "ನಿಮ್ಮ ಪುಪುರ್ ತಂಪು ಇಬೂ, ಉರಿ ಇಳಿಸುತ್ತೆ, ಬಿಸಿಲನ್ನ ಸ್ವಲ್ಪ ತಡೆಯುತ್ತೆ. ಅದು ಕಾವಲುಗಾರ. ಆದ್ರೆ ಕಾವಲುಗಾರನಿಗೆ ಗಾರೆ ಕೆಲಸ ಬರಲ್ಲ. ಒಡೆದಿದ್ದನ್ನ ಕಟ್ಟೋಕೆ ಈ ಟ್ಯೂಬಿನೋನು ಬೇಕು."

"ನಮ್ಮನೇಲಿ ಏನು ಒಡೆದಿದೆ?"

ಲಾಸ್ತ್ರಿ ಅತ್ತೆಯ ಎಡಗೆನ್ನೆ ನೋಡಿದಳು.

ಎಡಗೆನ್ನೆಯಲ್ಲಿ ಕಂದು ಕಲೆಗಳಿದ್ದವು. ದೊಡ್ಡದೊಂದು, ಚಿಕ್ಕವು ನಾಲ್ಕಾರು, ಒಂದು ದ್ವೀಪಸಮೂಹವೇ. ಕಣ್ಣಿನ ಮೂಲೆಯಿಂದ ಗದ್ದದವರೆಗೆ ಗೆರೆಗಳೂ ಇದ್ದವು. ಬಲಗೆನ್ನೆ ಮದುವಣಗಿತ್ತಿಯದು, ಎಡಗೆನ್ನೆ ಅವಳ ಅಜ್ಜಿಯದು. ಹೊತ್ತು ಏರಿ ಬೆವರು ಪುಪುರನ್ನು ತೊಳೆದರೆ ದ್ವೀಪಗಳು ಮತ್ತೆ ಮೇಲೇಳುತ್ತಿದ್ದವು. ಸೊಳ್ಳೆ ಜಾರಿದ್ದು ಬಲಗೆನ್ನೆಯಲ್ಲಿ ಎಂದು ಈಗ ಹೇಳಿಬಿಡುವುದೇ ನ್ಯಾಯ.

"ವಯಸ್ಸಾಯ್ತಲ್ಲ," ಎಂದಳು ಸಲಾಸಿಯಾ.

"ವಯಸ್ಸು ಒಂದೇ ಕೆನ್ನೆಗೆ ಆಗುತ್ತಾ ಇಬೂ?"

ಆ ಪ್ರಶ್ನೆ ಅವಳನ್ನು ಚುಚ್ಚುತ್ತಲೇ ಇತ್ತು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಟ್ಯೂಬನ್ನು ಒತ್ತಿ, ದೋಸೆಗೆ ಎಣ್ಣೆ ಸವರಿದಂತೆ ಎಡಗೆನ್ನೆಗೆ ಧಾರಾಳವಾಗಿ ಸವರಿಕೊಂಡು ಸಂತೆಗೆ ಹೋದಳು. ಮಧ್ಯಾಹ್ನ ಬರುವಾಗ ಕೆನ್ನೆ ಬೇಯಿಸಿದ ಸಿಗಡಿಯಾಗಿತ್ತು. "ಕಾರ್ಖಾನೆಯ ಶನಿ" ಎಂದು ಶಪಿಸಿ ಪುಪುರ್ ಮೆತ್ತಿಕೊಂಡು ಮಲಗಿದಳು.

ಸಂಜೆ ಪಕ್ಕದ ಕೋಣೆಯಿಂದ ಲಾಸ್ತ್ರಿಯ ದನಿ ಕೇಳಿತು. ಗಂಡನಿಗೆ ಹೇಳುತ್ತಿದ್ದಳು, ಗಂಡ ನದಿಯ ಆಚೆ ದಡದಲ್ಲಿ ಇದ್ದಾನೇನೋ ಅನ್ನುವಷ್ಟು ಗಟ್ಟಿಯಾಗಿ: "ಆ ಟ್ಯೂಬಿದೆಯಲ್ಲ, ಅದನ್ನ ಸಂಜೆ ಆದ್ಮೇಲೆ ಮಾತ್ರ ಹಚ್ಬೇಕು ಕಣ್ರೀ! ಕಡಲೆಕಾಳಿನಷ್ಟು! ಮೊದಮೊದಲು ಎರಡು ದಿನಕ್ಕೊಂದ್ಸಲ! ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಡುತ್ತೆ! ಬೆಳಗ್ಗೆ ತೊಳೆದು, ಮೇಲೆ ಬಿಸಿಲಿನ ಕ್ರೀಮು, ಪುಪುರ್ ಎರಡೂ ಬೇಕು!"

"ನನಗ್ಯಾಕೆ ಹೇಳ್ತೀಯ?" ಎಂದ ಮುರ್ಜಾನಿ.

"ತಿಳ್ಕೊಂಡಿರಿ ಅಂತ."

ಸಲಾಸಿಯಾ ತಿಳಿದುಕೊಂಡಳು. ಸಂಜೆಯ ಮೇಲೆ, ಕಡಲೆಕಾಳಿನಷ್ಟು, ಎಡಗೆನ್ನೆಗೆ ಮಾತ್ರ. ಬಲಗೆನ್ನೆ ಪೂರ್ತಿ ಅಕ್ಕಿಯ ಪಾಲಿಗೆ. ಕದ್ದ ಮಾಲಿನ ಬಗ್ಗೆ ದೇವರ ಹತ್ತಿರ ಮಾತೆತ್ತಲಿಲ್ಲ. ತಿಂಗಳು ಮೂರಾದ ಮೇಲೆ ದೊಡ್ಡ ದ್ವೀಪದ ಅಂಚು ಕರಗತೊಡಗಿತು. ಚಿಕ್ಕವೆರಡು ಮುಳುಗಿಯೇ ಹೋದವು. ಅದಕ್ಕಿಂತ ದೊಡ್ಡ ಪವಾಡವೆಂದರೆ ಟ್ಯೂಬು ಮುಗಿಯಲೇ ಇಲ್ಲ. ಎಷ್ಟು ಹಿಂಡಿದರೂ ಮರುವಾರ ಮತ್ತೆ ಹೊಟ್ಟೆ ತುಂಬಿಸಿಕೊಂಡು ಅದೇ ಜಾಗದಲ್ಲಿ ಕೂತಿರುತ್ತಿತ್ತು. ಕಾರ್ಖಾನೆಯವರಿಗೂ ಇಂಥ ಬರಕತ್ತು ಇರುತ್ತದೆಯೇ ಎಂದು ಅವಳು ಬೆರಗಾದಳು.

ರಂಜಾನ್ ತಿಂಗಳು ಬಂತು. ಹಬ್ಬ ಹತ್ತಿರವಾದಂತೆ ಮನೆಮನೆಯಲ್ಲೂ ತೊಳೆಯುವುದು, ತಿಕ್ಕುವುದು. ಸೊಸೆಯ ಯೋಗ್ಯತೆ ಹಬ್ಬದ ಮುಂಚಿನ ವಾರದಲ್ಲಿ ಗೊತ್ತಾಗುತ್ತದೆ ಎಂದು ನೆರೆಮನೆಯವರು ಲಾಸ್ತ್ರಿಯ ಕಿವಿಗೆ ಹಾಕಿದ್ದರು. ಅವಳು ರಜೆ ಹಾಕಿ, ಅತ್ತೆ ಸಂತೆಗೆ ಹೋದ ಮೇಲೆ ಸೊಂಟ ಕಟ್ಟಿ ನಿಂತಳು. ಮನೆಯ ನೆಲವನ್ನು ಎಷ್ಟು ತಿಕ್ಕಿದಳೆಂದರೆ ಹಲಗೆಗಳು ತಮ್ಮ ಮೂಲ ಮರದ ಹೆಸರು ನೆನಪಿಸಿಕೊಂಡವು. ಆಮೇಲೆ ಹಿತ್ತಿಲಿಗೆ ಹೋದಳು.

ಅಂದು ಸಲಾಸಿಯಾ ಹಬ್ಬದ ಗಿರಾಕಿಗಳಿಗೆ ಕೊನೆಯ ಪೊಟ್ಟಣದವರೆಗೆ ಪುಪುರ್ ಮಾರಿ, ಖಾಲಿ ದೋಣಿಯಲ್ಲಿ ಗುನುಗುತ್ತ ಮನೆಗೆ ಬಂದಳು. ಜಗಲಿಯ ಕೆಳಗೆ ಏನೋ ಮಿಂಚಿತು. ಜಾಡಿ ಬೋರಲಾಗಿ ಕೂತು ಹೊಳೆಯುತ್ತಿತ್ತು. ಡಚ್ಚರ ಕಾಲದಿಂದ ಈಚೆಗೆ ಆ ಜಾಡಿಯ ನಿಜವಾದ ಬಣ್ಣ ಯಾರೂ ನೋಡಿರಲಿಲ್ಲ. ಹಸಿರಂತೆ! ಸುತ್ತ ಬ್ಲೀಚಿಂಗ್ ಪುಡಿಯ ವಾಸನೆ.

"ಇಬೂ, ನೋಡಿ!" ಎಂದಳು ಲಾಸ್ತ್ರಿ, ಬೆವರು ಒರೆಸಿಕೊಂಡು ನಗುತ್ತ. "ತಳದಲ್ಲಿ ಹಳಸಿದ ನೀರು ನಿಂತು ಗಬ್ಬು ನಾರ್ತಿತ್ತು. ಕುದಿಯೋ ನೀರು ಹಾಕಿ ತಿಕ್ಕಿದೀನಿ. ಮೇಲೆ ಒಂದು ಬಟ್ಟಲಲ್ಲಿ ಸುಣ್ಣದ ಚೂರು ಇತ್ತು, ಅದನ್ನೂ ನದಿಗೆ ಹಾಕ್ದೆ."

ಸುಣ್ಣದ ಚೂರಲ್ಲ. ಹಬ್ಬದ ದಿನ ತಾನು ಹಚ್ಚಿಕೊಳ್ಳಲೆಂದು ಸಲಾಸಿಯಾ ಎತ್ತಿಟ್ಟಿದ್ದ ಒಂದು ಹಿಡಿ ಪುಪುರ್ ಅದು.

ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂಬ ಗಾದೆ ಎಲ್ಲ ದೇಶಗಳಲ್ಲೂ ಇದೆ. ಆದರೆ ಮಡಕೆ ಒಡೆಯದೆ, ಫಳಫಳ ತೊಳೆದು ಮನೆ ಮುಳುಗಿಸಿದ ಸೊಸೆಗೆ ಗಾದೆ ಇನ್ನೂ ಹುಟ್ಟಿಲ್ಲ. ಸಲಾಸಿಯಾಳ ನಾಲಿಗೆಯ ತುದಿಗೆ ಬೈಗಳು ಬಂದು ಸಾಲಾಗಿ ನಿಂತವು. ಆದರೆ ಉಪವಾಸ. ಬೈದರೆ ದಿನವಿಡೀ ಹಸಿದ ಪುಣ್ಯ ಹೋಗುತ್ತದೆ. "ಸಂಜೆ ಆಗ್ಲಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮಧ್ಯಾಹ್ನವಿಡೀ ಅವಳು ಬೈಗಳನ್ನು ಜೋಡಿಸಿದಳು. ಮೊದಲು ಜಾವಾದ ಮೇಲೊಂದು, ಆಮೇಲೆ ಸೀಸೆಗಳ ಮೇಲೆ, ಮೂರನೆಯದು ಬೀಗರ ಮನೆಯವರು ಬೆಳೆಸಿದ ರೀತಿಯ ಮೇಲೆ. ಕೊನೆಗೆ, ಒಗ್ಗರಣೆಯ ಹಾಗೆ, ಕಣ್ಣೀರು. ಅಷ್ಟು ಚೆಂದದ ಬೈಗಳ ಸಾಲು ಆ ನದಿಯಲ್ಲಿ ಹಿಂದೆ ತಯಾರಾಗಿರಲಿಲ್ಲ. ನಡುನಡುವೆ ನಿಜವಾದ ಭಯವೂ ಬರುತ್ತಿತ್ತು. ಜಾಡಿ ಸತ್ತರೆ ನಾನು ಯಾರು? ಬರೀ ಕಿತ್ತಳೆ ಮಾರುವ ಮುದುಕಿ. ಅತ್ತೆಯರ ಸಾಲು ನನ್ನ ಕೈಯಲ್ಲಿ ಕಡಿದುಹೋಯಿತಲ್ಲ.

ಸಂಜೆ ಮಸೀದಿಯ ನಗಾರಿ ಮೊಳಗಿತು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಳು. ಜಾವಾದ ಮೇಲಿನ ಬೈಗಳು ಸ್ವಲ್ಪ ಸಿಹಿಯಾದವು. ಎಳನೀರು ಕುಡಿದಳು. ಸೀಸೆಗಳ ಮೇಲಿನ ಸಿಟ್ಟು ತೊಳೆದುಹೋಯಿತು. ಲಾಸ್ತ್ರಿ ಬಿಂಗ್ಕಾ ಮಾಡಿದ್ದಳು, ಹೂವಿನಾಕಾರದ ಆಲೂಗಡ್ಡೆಯ ಸಿಹಿ. ಜಾವಾದ ಹುಡುಗಿ ಈ ಕಡೆಯ ಬಂಜಾರ್ ತಿಂಡಿ ಮಾಡಿದ್ದು ಅದೇ ಮೊದಲು, ಬೆಂದದ್ದೂ ಸರಿಯಾಗಿತ್ತು. ಎರಡನೆಯ ತುಂಡಿಗೆ ಬೀಗರ ಮನೆತನವೂ ಬಚಾವಾಯಿತು. ಇನ್ನು ಉಳಿದದ್ದು ಒಗ್ಗರಣೆ ಮಾತ್ರ.

ನಮಾಜಿಗೆ ಮುಖ ತೊಳೆದು ಬಂದವಳು ಅಭ್ಯಾಸದಂತೆ ಕಪಾಟಿಗೆ ಕೈ ಹಾಕಿದಳು. ಟ್ಯೂಬು ಹೊಸದು. ಮುಚ್ಚಳದ ಕೆಳಗಿನ ಕಾಗದ ಆಗಲೇ ಹರಿದಿತ್ತು, ಮುಚ್ಚಳ ಅರ್ಧ ಸಡಿಲವಾಗಿತ್ತು. ಗಂಟು ಹಿಡಿದ ಬೆರಳುಗಳಿಗೆ ಸುಲಭವಾಗಲೆಂದು ಯಾರೋ ಸಡಿಲಿಸಿಟ್ಟಂತೆ.

ಸಲಾಸಿಯಾ ಅಲ್ಲೇ ನಿಂತಳು. ಬರಕತ್ತು ಯಾರದೆಂದು ಈಗ ಗೊತ್ತಾಯಿತು. ಇಷ್ಟು ತಿಂಗಳೂ ಕಳ್ಳಿಗೆ ಬಾಗಿಲು ತೆರೆದಿಟ್ಟು, ದೀಪ ಹಚ್ಚಿಟ್ಟು, ತಾನು ಕಣ್ಣು ಮುಚ್ಚಿಕೊಂಡವಳು ಈ ಹುಡುಗಿ. ಒಂದು ಮಾತೂ ಆಡಿ ತೋರಿಸಿರಲಿಲ್ಲ.

ಹೊರಗೆ ಬಂದು ಕೂತು, ಮೆಲ್ಲಗೆ ಕೇಳಿದಳು: "ಮಗಳೇ, ನಿನ್ನ ಅಂಗಡೀಲಿ ಎಲ್ಲಕ್ಕಿಂತ ದುಬಾರಿ ಸೀಸೆ ಯಾವುದು?"

"ಅಕ್ಕಿಯದೊಂದಿದೆ ಇಬೂ. ಅಕ್ಕಿ ನೆನೆಸಿ, ಅದರಲ್ಲಿ ಹುದುಗಿನ ಜೀವ ಬೆಳೆಸಿ, ದೊಡ್ಡ ದೊಡ್ಡ ಉಕ್ಕಿನ ಪೀಪಾಯಿಲಿ ವಾರಗಟ್ಟಲೆ ಹುಳಿ ಬರಿಸಿ, ಆ ನೀರನ್ನೇ ಸೀಸೆಗೆ ತುಂಬ್ತಾರೆ. ಆ ಹುದುಗು ಸತ್ರೆ ಕಾರ್ಖಾನೆಯೇ..." ಲಾಸ್ತ್ರಿಯ ಕಣ್ಣು ಹಿತ್ತಿಲ ಬಾಗಿಲ ಕಡೆ ಹೋಯಿತು. ಕೈಯ ಬಿಂಗ್ಕಾ ತಟ್ಟೆಗೆ ಬಿತ್ತು. "ಇಬೂ. ಆ ನೀರು?"

"ಹೂಂ. ನಮ್ಮದು ಉಕ್ಕಿನದಲ್ಲ, ಅಷ್ಟೆ."

ಒಗ್ಗರಣೆಯ ಕಣ್ಣೀರನ್ನು ಲಾಸ್ತ್ರಿಯೇ ಹಾಕಿದಳು. ಸಲಾಸಿಯಾ ಅವಳ ತಲೆ ಸವರಬೇಕಾಯಿತು. "ಅಳ್ಬೇಡ. ಅತ್ತೆಗೋಸ್ಕರ ಕೈ ಸುಟ್ಕೊಂಡು ಜಾಡಿ ತಿಕ್ಕಿದ ಸೊಸೆ ಈ ನದೀಲಿ ಯಾರಿಗಿದ್ದಾಳೆ? ಆ ನೀರು ಇನ್ನೊಂದು ಮನೇಲಿದೆ. ನಾಳೆ ಹೋಗಿ ಕೇಳೋಣ."

"ಯಾರ ಮನೇಲಿ?"

ಸಲಾಸಿಯಾ ಮೂರನೆಯ ಬಿಂಗ್ಕಾ ತಿಂದು ಮುಗಿಸಿದ ಮೇಲೆ ಹೆಸರು ಹೇಳಿದಳು.

ಮರುದಿನ ಬೆಳಗ್ಗೆ ಜುಕುಂಗ್‌ನಲ್ಲಿ ಇಬ್ಬರು. ಲಾಸ್ತ್ರಿ ದೋಣಿಯ ಎರಡೂ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ಬೆರಳಿನ ಗುರುತು ಮರದಲ್ಲಿ ಉಳಿಯಿತು. ಸಂತೆಯಲ್ಲಿ ದೋಣಿ ತನ್ನ ಜಾಗಕ್ಕೆ ಬಂತು. ಸಲಾಸಿಯಾ ಕೂತಳು, ಒಂಬತ್ತು ವರ್ಷದ ಅಭ್ಯಾಸದಂತೆ ಕತ್ತು ತಾನಾಗಿ ಬಲಕ್ಕೆ ತಿರುಗಿತು. ಎಡಗಡೆ ಅರ್ಬಾಯಾ ಎಡಕ್ಕೆ ತಿರುಗಿದಳು. ಅದೇ ಹೊತ್ತಿಗೆ, ಎಡಗಡೆಯೇ, ಅರ್ಬಾಯಾಳ ಟೋಪಿಯ ಆಚೆಯಿಂದ ಸೂರ್ಯ ಎದ್ದ. ತಗ್ಗಿನ ಬಿಸಿಲು ಟೋಪಿಯ ಕೆಳಗೆ ನುಗ್ಗಿ ನೇರ ಸಲಾಸಿಯಾಳ ಎಡಗೆನ್ನೆಗೆ ಬಡಿಯಿತು.

ಲಾಸ್ತ್ರಿ ಕೆನ್ನೆ ನೋಡಿದಳು, ಸೂರ್ಯನನ್ನು ನೋಡಿದಳು, ಇಬ್ಬರ ಕತ್ತುಗಳನ್ನು ನೋಡಿದಳು. ಅವಳ ಬಾಯಿ ತೆರೆದುಕೊಂಡಿತು.

"ಹೇಳು," ಎಂದು ಸಲಾಸಿಯಾ ಪಿಸುಗುಟ್ಟಿದಳು. "ಪಕ್ಕದ ದೋಣಿಯವರಿಗೆ ಹೇಳು, ನಮ್ಮ ಜಾಡಿ ಬರಿದಾಗಿದೆ ಅಂತ. ಅತ್ತೆಯ ನೀರು ಒಂದು ಬಟ್ಟಲು ಬೇಕು ಅಂತ."

ಲಾಸ್ತ್ರಿ ಎಡಕ್ಕೆ ಬಾಗಿ, ಬಂಜಾರ್ ಜನ ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದಳು. "ಅಚಿಲ್, ನಮ್ಮ ಇಬೂ ಹೇಳ್ತಾರೆ..."

"ಕೇಳಿಸ್ತು," ಎಂದಳು ಅರ್ಬಾಯಾ, ಸೂರ್ಯನ ಕಡೆಗೇ ಮುಖ ಮಾಡಿ. "ನಿಮ್ಮ ಇಬೂಗೆ ಹೇಳು, ಗೋಡೆಗೆ ಸುಣ್ಣ ಮಾರೋಳ ಹತ್ರ ಮುಖಕ್ಕೆ ಏನು ಸಿಗುತ್ತೆ?"

"ಇಬೂ, ಅಚಿಲ್ ಹೇಳ್ತಾರೆ..."

"ಕೇಳಿಸ್ತು. ಹೇಳು, ಆ ಮಾತು ಆಡಬಾರದಿತ್ತು ಅಂತ."

ಲಾಸ್ತ್ರಿ ತಿರುಗಿದಳು. ಹತ್ತಿರದ ಆರೇಳು ದೋಣಿಗಳಲ್ಲಿ ವ್ಯಾಪಾರ ನಿಂತಿತು. ಕುಂಬಳಕಾಯಿಗಳೂ ಉಸಿರು ಹಿಡಿದವು.

"ಹೇಳು ಅವಳಿಗೆ," ಎಂದಳು ಅರ್ಬಾಯಾ ಕೊನೆಗೆ, ದನಿ ತಗ್ಗಿಸಿ. "ಆ ನೀರು ನನ್ನ ಹತ್ರ ಯಾವತ್ತೂ ಇರಲಿಲ್ಲ."

ಈ ಸಲ ಲಾಸ್ತ್ರಿ ಮಾತು ದಾಟಿಸಲಿಲ್ಲ.

"ಅಮ್ಮ ತೀರ್ಕೊಂಡ ದಿನ ಬಟ್ಟಲು ತೊಡೆ ಮೇಲಿಟ್ಕೊಂಡು ಮನೆಗೆ ಹೊರಟೆ. ಮೋಟಾರು ದೋಣಿಯೊಂದು ಸರಕ್ಕಂತ ಹೋಯ್ತು, ಅಲೆ ಬಂತು, ಬಟ್ಟಲು ಮಗುಚ್ತು. ಅಮ್ಮನ ನೀರು ಅಷ್ಟೂ ನದಿಗೆ. ಯಾರ ಹತ್ರ ಹೇಳ್ಲಿ? ಅತ್ತಿಗೆ ಹತ್ರ ಬಂದು ಇನ್ನೊಂದು ಬಟ್ಟಲು ಕೇಳೋಕೆ ಮುಖ ಇರಲಿಲ್ಲ. ಬರೀ ಅಕ್ಕಿ, ಬರೀ ನದಿನೀರಲ್ಲಿ ನೆನೆಸ್ದೆ. ಅಮ್ಮನ ಪುಪುರ್ ಹಾಗೆ ಬರಲ್ಲ ಅನ್ನೋ ಹೆದರಿಕೆಗೆ ಟಾಲ್ಕಂ ಬೆರೆಸ್ದೆ, ನಯ ಬರ್ಲಿ ಅಂತ. ಆಮೇಲೆ ನನ್ನ ಮುಖಕ್ಕೆ ಅಂತ ಏನೂ ಬೆರೆಸದೆ ಒಂದು ಜಾಡಿ ಬೇರೆ ಇಟ್ಟೆ. ಈಗ ನೋಡಿದ್ರೆ ಅದು ಅಮ್ಮನ ಪುಪುರ್ ಹಾಗೇ ಇದೆ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ." ಮೂಗು ಒರೆಸಿಕೊಂಡಳು. "ಈಗ ಹೇಳು ಅವಳಿಗೆ. ನಗ್ಲಿ."

ಸಲಾಸಿಯಾ ನಗಲಿಲ್ಲ. ಅತ್ತೆಯರ ಸಾಲು ಎರಡೂ ಮನೆಯಲ್ಲಿ ಕಡಿದಿತ್ತು. ಒಂದು ಕಡೆ ನಿನ್ನೆ, ಇನ್ನೊಂದು ಕಡೆ ಅತ್ತೆ ಸತ್ತ ದಿನವೇ. ಆದರೂ ಈ ನಾದಿನಿಯ ಮುಖ ಸುಲಿದ ಮೊಟ್ಟೆಯ ಹಾಗಿದೆ ಎಂದು ಊರೇ ಹೇಳುತ್ತದೆ. ಅಷ್ಟು ವರ್ಷ ತಾನು ಕಾವಲು ಕಾದದ್ದು ಯಾವುದಕ್ಕೆ? ನದಿ ಇಲ್ಲೇ ಇದೆ. ಅಕ್ಕಿ ಇಲ್ಲೇ ಬೆಳೆಯುತ್ತದೆ. ನೀರು ಬದಲಿಸುವುದನ್ನು ಅತ್ತೆ ಇಬ್ಬರ ಕೈಗೂ ಹೇಳಿಕೊಟ್ಟು ಹೋಗಿದ್ದಾಳೆ, ಬಟ್ಟಲು ಮಗುಚಿದರೆ ಅದೇನೂ ಚೆಲ್ಲುವುದಿಲ್ಲ. ಎದೆಯ ಮೇಲಿನ ಜಾಡಿಯೊಂದನ್ನು ಯಾರೋ ಇಳಿಸಿದಂತಾಯಿತು.

"ಇಬೂ," ಎಂದಳು ಲಾಸ್ತ್ರಿ ಮೆಲ್ಲಗೆ, "ನಿಮ್ಮ ಎಡಗೆನ್ನೆಗೆ ಯಾಕೆ ವಯಸ್ಸಾಯ್ತು ಅಂತ ಗೊತ್ತಾಯ್ತು. ಇದಕ್ಕೆ ನನ್ನ ಅಂಗಡೀಲೂ ಪೂರ್ತಿ ಮದ್ದಿಲ್ಲ, ನಿಮ್ಮ ಜಾಡೀಲೂ ಇಲ್ಲ. ಒಂಬತ್ತು ವರ್ಷ ಅಚಿಲ್ ಕಡೆಗೆ ಬರೀ ಆ ಕೆನ್ನೆ ತೋರಿಸ್ಕೊಂಡು ಕೂತಿದ್ದೀರಿ. ಸೂರ್ಯನೂ ಆ ಕಡೇನೇ ಇದ್ದಾನೆ. ಕತ್ತು ಸ್ವಲ್ಪ ತಿರುಗಿಸಿ, ಇನ್ನೊಂದು ಕೆನ್ನೆಗೂ ಪಾಲು ಸಿಗ್ಲಿ."

ಸಲಾಸಿಯಾ ಕತ್ತು ತಿರುಗಿಸಿದಳು. ತುಕ್ಕು ಹಿಡಿದ ಚಿಲಕದ ಸದ್ದು ಬಂತೆಂದು ಮೂರು ದೋಣಿಯಾಚೆಯ ಮೀನಿನವಳು ಇವತ್ತಿಗೂ ಆಣೆ ಹಾಕುತ್ತಾಳೆ. ಕಣ್ಣು ಕುಕ್ಕುವ ಬಿಸಿಲಿನಲ್ಲಿ ನಾದಿನಿಯ ಮುಖ ಕಂಡಿತು. ಸುಲಿದ ಮೊಟ್ಟೆಯೇ ನಿಜ. ಆದರೆ ಇಷ್ಟು ವರ್ಷ ಅತ್ತಿಗೆಗೆ ಬೆನ್ನು ಹಾಕಲು ಸೂರ್ಯನನ್ನೇ ದಿಟ್ಟಿಸಿ ಕೂತ ಪರಿಣಾಮವಾಗಿ ಮೊಟ್ಟೆಯ ನಡುವಿನ ಮೂಗು ಕಪ್ಪಗೆ ಸುಟ್ಟು ಜಾಯಿಕಾಯಿಯಾಗಿತ್ತು.

"ಅಯ್ಯೋ ಅರ್ಬಾಯಾ!" ಎಂದಳು ಸಲಾಸಿಯಾ. "ನಿನ್ನ ಮೂಗಿಗೆ ಏನಾಯ್ತೇ?"

ಮಧ್ಯಸ್ಥರಿಲ್ಲದೆ ಹೋದ ಮೊದಲ ಮಾತು ಅದು.

"ನಿನ್ನಿಂದ ಆಗಿದ್ದು, ಇನ್ಯಾರಿಂದ!" ಎಂದು ಅರ್ಬಾಯಾ ತಿರುಗಿ ಬಿದ್ದಳು. ಆಮೇಲೆ ಅತ್ತಿಗೆಯ ಕೆನ್ನೆ ನೋಡಿ ಕಣ್ಣು ಕಿರಿದು ಮಾಡಿದಳು. "ನಿನ್ನ ಕಲೆ ಅರ್ಧ ಹೋಗಿದೆ. ಓರೆಗಣ್ಣಲ್ಲಿ ದಿನಾ ನೋಡ್ತಾನೇ ಇದ್ದೆ. ಅದು ಅಕ್ಕಿಯಿಂದ ಹೋಗಿದ್ದಲ್ಲ. ಏನು ಹಚ್ತಿದ್ದೀಯ, ನಿಜ ಹೇಳು."

ಸಲಾಸಿಯಾ ಸೊಸೆಯ ಮುಖ ನೋಡಿದಳು. ಸಂತೆ ಪೂರ್ತಿ ಕಿವಿಯಾಗಿತ್ತು. "ಕಾರ್ಖಾನೆಯದು," ಎಂದಳು, ತಲೆಯೆತ್ತಿ. "ನಮ್ಮ ಹುಡುಗೀದು. ನಾನು ಕದ್ದು ಹಚ್ಕೊಳ್ತಿದ್ದೆ, ಅವಳು ಕದಿಯೋಕೆ ಅಂತ ತಂದಿಡ್ತಿದ್ಲು. ರಾತ್ರಿ ಅದು, ಹಗಲು ಅಕ್ಕಿ. ಎರಡೂ ಒಳ್ಳೇದೇ ಕಣೇ. ಮೊಸಳೆ ಒಂದು ಬಿಟ್ಟು."

"ಹಾಗಾದ್ರೆ ಒಂದು ಬಟ್ಟಲು ಹುಳಿನೀರಿಗೆ ಒಂದು ಟ್ಯೂಬು," ಎಂದಳು ಅರ್ಬಾಯಾ ತಕ್ಷಣ. ವ್ಯಾಪಾರದವಳು.

"ಕಡಲೆಕಾಳಿನಷ್ಟು ಮಾತ್ರ ಅಚಿಲ್," ಎಂದಳು ಲಾಸ್ತ್ರಿ.

"ನನ್ನ ಮೂಗು ನೋಡಿದ್ಯೇನೇ? ಹಲಸಿನ ಬೀಜದಷ್ಟಾದ್ರೂ ಬೇಕು."

ಅರ್ಬಾಯಾ ತಂದುಕೊಟ್ಟ ಹುಳಿನೀರನ್ನು ಆ ಸಂಜೆಯೇ ಹಸಿರು ಜಾಡಿಗೆ ಹೊಯ್ದರು. ಅದರ ಮೇಲೆ ಅಕ್ಕಿ ಸುರಿದದ್ದು ಲಾಸ್ತ್ರಿ. ಹೆಪ್ಪು ಇಲ್ಲದೆಯೂ ಹುಳಿ ಬರುತ್ತದೆಂದು ಈಗ ಮೂವರಿಗೂ ಗೊತ್ತಿತ್ತು. ಆದರೂ ಹೊಯ್ದರು. ಬಂದ ನೆಂಟರನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ?

ಆದರೆ ಪುಪುರ್ ಆಗಲು ವಾರಗಳು ಬೇಕು, ಹಬ್ಬ ನಿಲ್ಲುವುದಿಲ್ಲ. ಹಬ್ಬದ ಬೆಳಗ್ಗೆ ಸಲಾಸಿಯಾ ಹೊಸ ಬಟ್ಟೆ ಉಟ್ಟು, ಬರೀ ಮುಖದಲ್ಲಿ, ಮದುವೆಯಾದಾಗಿನಿಂದ ಮೊದಲ ಸಲ ಹಾಗೆ, ಜಗಲಿಯಲ್ಲಿ ಕೂತಿದ್ದಳು. ಅರ್ಬಾಯಾ ದೋಣಿ ಕಟ್ಟಿ ಮೇಲೆ ಬಂದು, ಹಬ್ಬದ ರೂಢಿಯಂತೆ ಅತ್ತಿಗೆಯ ಕೈ ಹಿಡಿದು ಹಣೆಗೊತ್ತಿಕೊಂಡು, ತಿಳಿದೂ ತಿಳಿಯದೆಯೂ ಮಾಡಿದ ತಪ್ಪು ಮನ್ನಿಸು ಎಂದಳು. ಸಲಾಸಿಯಾ, "ನೀನೂ ಮನ್ನಿಸು," ಎಂದಳು. ಒಂಬತ್ತು ವರ್ಷದ ಬಾಕಿ ಅಷ್ಟರಲ್ಲಿ ತೀರಿತು.

ಆಮೇಲೆ ಅರ್ಬಾಯಾ ಸೊಂಟದಿಂದ ಪೊಟ್ಟಣವೊಂದನ್ನು ತೆಗೆದಳು. "ನನ್ನ ಮುಖದ್ದೆಲ್ಲ ಮಗಳು ಖಾಲಿ ಮಾಡಿದ್ದಾಳೆ. ಮಾರೋದು ಮಾತ್ರ ಉಳಿದಿದೆ. ಟಾಲ್ಕಂದು. ಬೇಡ ಅಂದ್ರೆ ಬೇಡ."

"ಕೂತ್ಕೊಂಡು ಹಚ್ಚು," ಎಂದು ಸಲಾಸಿಯಾ ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದಳು.

ಅರ್ಬಾಯಾ ಅಂಗೈಯಲ್ಲಿ ಬೊಟ್ಟು ಕರಗಿಸಿ ಹಚ್ಚಿದಳು, ಬಲಗೆನ್ನೆಗೆ ಒಂದು ಕೈ, ಎಡಗೆನ್ನೆಗೆ ಎರಡು. ತಣ್ಣಗಿತ್ತು. ಸೀಸೆಯ ಸೆಂಟಿನ ವಾಸನೆಯೂ ಅಂಥ ಕೆಟ್ಟದ್ದೇನಲ್ಲ ಅನ್ನಿಸಿತು. ಸಲಾಸಿಯಾ ಮುಚ್ಚಿದ ಕಣ್ಣಲ್ಲೇ ತುಟಿ ಅಲ್ಲಾಡಿಸಿ ಕೃತಜ್ಞತೆ ಹೇಳಿದಳು. ಅಕ್ಕಿಗೆ, ನದಿಗೆ, ಅತ್ತೆಗೆ; ಆಮೇಲೆ ಸೊಸೆಗೆ, ನಾದಿನಿಗೆ, ಬಟ್ಟಲು ಮಗುಚಿದ ಮೋಟಾರು ದೋಣಿಯವನಿಗೆ, ಯಾವುದೋ ಊರಿನ ಯಾವುದೋ ಕಾರ್ಖಾನೆಯಲ್ಲಿ ಟ್ಯೂಬಿಗೆ ಮುಲಾಮು ತುಂಬುವ ಹೆಸರು ಗೊತ್ತಿಲ್ಲದ ಪುಣ್ಯಾತ್ಮರಿಗೆ. ಪಟ್ಟಿ ಇಷ್ಟು ಉದ್ದವಾದದ್ದರಿಂದ ಅವಳು ಕಣ್ಣು ಬಿಡುವಷ್ಟರಲ್ಲಿ ಪುಪುರ್ ಒಣಗಿಯೇ ಹೋಗಿತ್ತು.

ಅರ್ಬಾಯಾ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಳು.

"ಹ್ಯಾಗೆ ಕಾಣ್ತೀನೇ?" ಎಂದಳು ಸಲಾಸಿಯಾ.

"ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆದ ಹಾಗೆ, ಅತ್ತಿಗೆ," ಎಂದಳು ಅರ್ಬಾಯಾ.

ಸಲಾಸಿಯಾ ಎಷ್ಟು ನಕ್ಕಳೆಂದರೆ ಪುಪುರ್ ಬಿರುಕು ಬಿಟ್ಟು, ಎರಡೂ ಕೆನ್ನೆಯಲ್ಲಿ ಸರಿಸಮನಾಗಿ ಉದುರಿತು.